ಮೈಲುತುತ್ತ, ಬ್ಲೂ ಟ್ಯಾಂಗ್ ಮತ್ತು ಕಲಬುರಗಿಯ ಬಿಸಿಲು

ಗಾಜಿನ ತೊಟ್ಟಿ: ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಪ್ರಶ್ನೆ: ನಮಸ್ಕಾರ ಅಕ್ಕೋರೆ. ನಮ್ಮ ಮನ್ಯಾಗ ನಾಲ್ಕು ಫೂಟಿನ ಸಮುದ್ರದ ನೀರಿನ ಟ್ಯಾಂಕ್ ಅದ. ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್ ಮೀನು, ಎರಡು ಕ್ಲೀನರ್ ಸೀಗಡಿ, ಒಂದಿಷ್ಟು ಶಂಖದ ಏಡಿ ಅವ. ಹೋದ ತಿಂಗಳು ಹೈದರಾಬಾದಿನಿಂದ ಒಂದು ಬ್ಲೂ ಟ್ಯಾಂಗ್ ಮೀನು ತಂದೆ. ವಾರದಾಗ ಅದರ ಮೈಮ್ಯಾಲ ಉಪ್ಪು ಉದುರಿಸಿದಂಗ ಬಿಳಿ ಚುಕ್ಕಿ ಬಂದವು, ಕಲ್ಲಿಗೆ ಮೈ ತಿಕ್ಕತಿತ್ತು. ಮೂರ್ನಾಲ್ಕು ದಿನಕ್ಕ ಚುಕ್ಕಿ ತಾವೇ ಹೋದವು, ಆರಾಮಾತು ಅಂದ್ಕೊಂಡೆ. ಈಗ ಮತ್ತ ಬಂದಾವ, ಮೊದಲಿಗಿಂತ ಜಾಸ್ತಿ, ಕ್ಲೌನಿಗೂ ಬಂದಾವ. ಅಂಗಡಿಯಾತ ಕಾಪರ್ ಔಷಧಿ ಕೊಟ್ಟು ‘ಟ್ಯಾಂಕಿಗೇ ಹಾಕ್ರಿ’ ಅಂದ. ನಮ್ಮ ಅಪ್ಪಾಜಿ ‘ಅದಕ್ಯಾಕ ಅಷ್ಟು ರೊಕ್ಕ, ನಿಂಬಿ ತೋಟಕ್ಕ ತಂದ ಮೈಲುತುತ್ತ ಅದಲ್ಲ, ಅದೂ ತಾಮ್ರನೇ’ ಅಂತಾರ. ಯಾವುದು ಹಾಕ್ಲಿ?
– ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ಆ ಟ್ಯಾಂಕಿಗೆ ಎರಡನ್ನೂ ಹಾಕಬೇಡಿ. ಬಾಟಲಿಯ ಮುಚ್ಚಳ ಇನ್ನೂ ತೆಗೆದಿಲ್ಲವಾದರೆ ನಿಮ್ಮ ಸೀಗಡಿಗಳ ಪುಣ್ಯ. ಮೀನಿಗೆ ಔಷಧಿಯಾಗುವಷ್ಟು ತಾಮ್ರ ಸೀಗಡಿ, ಏಡಿ, ಬಸವನಹುಳು, ನಕ್ಷತ್ರಮೀನು ಎಲ್ಲಕ್ಕೂ ವಿಷ. ಅದು ಸಾಲದು ಅಂತ, ಟ್ಯಾಂಕಿನ ಕಲ್ಲು ಮತ್ತು ಮರಳಿನಲ್ಲಿ ಸುಣ್ಣದ ಅಂಶವಿರುತ್ತದೆ. ಅವು ತಾಮ್ರವನ್ನು ಹೀರಿಕೊಂಡು ಹಿಡಿದಿಡುತ್ತವೆ. ಇವತ್ತು ಹಾಕಿದ್ದು ನಾಳೆ ನೀರಿನಲ್ಲಿ ಸಿಗುವುದಿಲ್ಲ, ಬೇಡವಾದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತದೆ. ಕಲ್ಲಿರುವ ಟ್ಯಾಂಕಿನಲ್ಲಿ ತಾಮ್ರದ ಲೆಕ್ಕ ಯಾರಿಗೂ ಹತ್ತುವುದಿಲ್ಲ.

ಚುಕ್ಕಿ ತಾವೇ ಹೋದವು ಅಂದಿರಲ್ಲ, ಬಹಳ ಜನ ಮೋಸಹೋಗುವುದು ಅಲ್ಲಿಯೇ. ನೀವು ಬರೆದಿರುವ ಲಕ್ಷಣಗಳು ಸಮುದ್ರದ ಮೀನುಗಳ ‘ಇಕ್’ ರೋಗದವು. ಅದನ್ನು ತರುವ ಏಕಕೋಶ ಜೀವಿಯ ಹೆಸರು ಕ್ರಿಪ್ಟೊಕೇರಿಯಾನ್ ಇರಿಟನ್ಸ್. ಅದು ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ಉಂಡು ಬೆಳೆಯುತ್ತದೆ, ಆಮೇಲೆ ಉದುರಿ ತಳದ ಮರಳಿಗೋ ಕಲ್ಲಿಗೋ ಅಂಟಿಕೊಂಡು ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಕೋಶದೊಳಗೆ ಒಂದು ಹೋಗಿ ನೂರಾರಾಗುತ್ತವೆ. ಕೋಶ ಒಡೆದಾಗ ಆ ಮರಿಗಳು ಈಜುತ್ತಾ ಮೀನನ್ನು ಹುಡುಕುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ನಿಮ್ಮ ಟ್ಯಾಂಗ್ ಆರಾಮಾಗಿರಲಿಲ್ಲ. ರೋಗ ಆಗ ತಳಕ್ಕಿಳಿದು ಸಂಸಾರ ಬೆಳೆಸುತ್ತಿತ್ತು.

ತಾಮ್ರ ಕೊಲ್ಲುವುದು ಆ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗೆ ಕೂತದ್ದಕ್ಕೂ ಕೋಶದೊಳಗಿನದಕ್ಕೂ ಅದು ತಾಗುವುದಿಲ್ಲ. ಹಾಗಾಗಿ ಒಂದು ದಿನ ಜಾಸ್ತಿ ಹಾಕಿ ಮುಗಿಸುವ ಔಷಧಿ ಇದಲ್ಲ. ಪ್ರತಿ ಕೋಶ ಒಡೆಯುವ ಹೊತ್ತಿಗೂ ನೀರಿನಲ್ಲಿ ಸಾಕಷ್ಟು ತಾಮ್ರ ಇರಬೇಕು. 30 ದಿನ, ಒಂದು ದಿನವೂ ಕೆಳಗಿಳಿಯದಂತೆ.

ಈಗ ಕೆಲಸಕ್ಕೆ ಬರೋಣ. ಎರಡು ಫೂಟಿನ ಬರಿ ಗಾಜಿನ ಟ್ಯಾಂಕ್ ಒಂದನ್ನು ಬೇರೆ ಕೋಣೆಯಲ್ಲಿ ಇಡಿ. ಮರಳು ಬೇಡ, ಕಲ್ಲು ಬೇಡ. ಮೀನು ಅಡಗಲು ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಪಿವಿಸಿ ಎಲ್ಬೋ ನಾಲ್ಕು ಹಾಕಿ, ಟ್ಯಾಂಗ್ ತೂರುವಷ್ಟು ದಪ್ಪದವು. ಏರ್ ಪಂಪಿಗೆ ಜೋಡಿಸಿದ ಸ್ಪಾಂಜ್ ಫಿಲ್ಟರ್ ಸಾಕು. ಕಾರ್ಬನ್ ಇದ್ದರೆ ತೆಗೆಯಿರಿ, ಅದು ತಾಮ್ರವನ್ನು ಎಳೆದುಕೊಳ್ಳುತ್ತದೆ. ಯುವಿ ದೀಪ ಆರಿಸಿ. ಎಲ್ಲ ಮೀನುಗಳನ್ನೂ ಇಲ್ಲಿಗೆ ತನ್ನಿ. ಚುಕ್ಕಿ ಕಾಣದ ಡ್ಯಾಮ್ಸೆಲ್ ಕೂಡ. ಸೀಗಡಿ, ಏಡಿಗೆ ಈ ರೋಗ ಹತ್ತುವುದಿಲ್ಲ, ಅವು ಇದ್ದಲ್ಲೇ ಇರಲಿ.

ಮುಂದೆ, ನೀರನ್ನು ಅಳೆಯುವುದು. ಔಷಧಿ ಅಳೆಯುವವರು ಬೇಕಾದಷ್ಟು ಜನ ಸಿಗುತ್ತಾರೆ, ನೀರು ಅಳೆಯುವವರು ಕಮ್ಮಿ. ಎರಡು ಫೂಟು ಉದ್ದ, ಒಂದು ಫೂಟು ಅಗಲ, ಹದಿನೈದು ಇಂಚು ಎತ್ತರದ ಟ್ಯಾಂಕ್ ಅಂಚಿನವರೆಗೆ ಲೆಕ್ಕ ಹಾಕಿದರೆ ಸುಮಾರು 70 ಲೀಟರ್. ಮೇಲೆ ಬಿಟ್ಟ ಜಾಗ, ಗಾಜಿನ ದಪ್ಪ, ಪೈಪು ಕಳೆದರೆ ಒಳಗಿರುವುದು ಹೆಚ್ಚೆಂದರೆ 55 ಲೀಟರ್. 70ರ ಲೆಕ್ಕಕ್ಕೆ ಔಷಧಿ ಹಾಕಿದರೆ 2.5 ಪಿಪಿಎಂ (ಅಂದರೆ ಲೀಟರಿಗೆ 2.5 ಮಿಲಿಗ್ರಾಂ ತಾಮ್ರ) ಆಗಬೇಕಾದದ್ದು 3.2ರ ಹತ್ತಿರ ಹೋಗುತ್ತದೆ. ಹತ್ತು ಲೀಟರಿನ ಬಕೆಟ್ ಹಿಡಿದು ಎಣಿಸಿಕೊಂಡು ತುಂಬಿಸಿ, ಕೊನೆಗೆ ಗಾಜಿನ ಹೊರಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಆ ಗೆರೆಯ ಕೆಲಸ ಆಮೇಲೆ ಹೇಳುತ್ತೇನೆ.

ನಿಮ್ಮ ಬಾಟಲಿಯ ಮೇಲೆ ಚೀಲೇಟೆಡ್ (ತಾಮ್ರವನ್ನು ಬೇರೆ ಅಣು ಕಟ್ಟಿ ಹಿಡಿದದ್ದು) ಅಂತ ಇದ್ದರೆ ಗುರಿ 2ರಿಂದ 2.5 ಪಿಪಿಎಂ. ಒಂದೇ ದಿನಕ್ಕೆ ಅಲ್ಲಿಗೆ ಹೋಗಬೇಡಿ. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು, ಮಗ್ಗಿನ ನೀರಿಗೆ ಕಲಸಿ, ಏರ್ ಗುಳ್ಳೆ ಏಳುವ ಕಡೆ ನಿಧಾನಕ್ಕೆ ಸುರಿಯಿರಿ. ದಿನಕ್ಕೆ ಅರ್ಧ ಪಿಪಿಎಂನಂತೆ ಏರಿಸಿದರೆ ನಾಲ್ಕೈದು ದಿನಕ್ಕೆ ಗುರಿ ಮುಟ್ಟುತ್ತದೆ. ನಿಮ್ಮ 30 ದಿನದ ಎಣಿಕೆ ಶುರುವಾಗುವುದು ಆವತ್ತಿನಿಂದ, ಮೊದಲ ಹನಿ ಹಾಕಿದ ದಿನದಿಂದಲ್ಲ.

ಅಪ್ಪಾಜಿಯವರ ಮಾತು ರಸಾಯನಶಾಸ್ತ್ರದ ಪ್ರಕಾರ ತಪ್ಪಲ್ಲ. ಪಿಯು ಕಾಲೇಜಿನ ಲ್ಯಾಬಿನಲ್ಲಿ ಬ್ಯೂರೆಟ್ ಹಿಡಿದೇ ಬದುಕಿದವಳು ನಾನು, ಆ ನೀಲಿ ಹರಳಿನ ಮೇಲೆ ನನಗೂ ಪ್ರೀತಿ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ, ಸರಿಯಾಗಿ ಹೇಳಬೇಕೆಂದರೆ 25.5 ಶೇಕಡ. ಆದರೆ ಲೆಕ್ಕ ನೋಡ್ರಿ. ಮೈಲುತುತ್ತದ ತಾಮ್ರಕ್ಕೆ ಮಿತಿ 0.2 ಪಿಪಿಎಂ. 55 ಲೀಟರಿಗೆ ಬೇಕಾಗುವುದು 11 ಮಿಲಿಗ್ರಾಂ ತಾಮ್ರ, ಅಂದರೆ 43 ಮಿಲಿಗ್ರಾಂ ಹರಳು. ಸರಾಫ್ ಬಜಾರಿನ ತಕ್ಕಡಿಗೇ ಕಷ್ಟವಾಗುವ ತೂಕ ಅದು. ಚಿಟಿಕೆ ಹಿಡಿದರೆ ಅದರ ಎಷ್ಟೋ ಪಟ್ಟು ಬರುತ್ತದೆ. ಹರಳನ್ನು ಲೀಟರ್ ನೀರಿಗೆ ಕರಗಿಸಿ ಮಿಲಿಲೀಟರ್ ಲೆಕ್ಕದಲ್ಲಿ ಹಾಕಬಹುದು, ಲ್ಯಾಬಿನಲ್ಲಿ ನಾವು ಮಾಡುವುದೂ ಹಾಗೆಯೇ. ಆದರೂ ಎರಡು ತೊಡಕು ಉಳಿಯುತ್ತವೆ. ತೋಟಕ್ಕೆಂದು ತಯಾರಾದ ಹರಳಿನಲ್ಲಿ ಬೇರೆ ಲೋಹಗಳೂ ಇರಬಹುದು. ಇನ್ನೊಂದು, ಸಮುದ್ರದ ನೀರು ಕ್ಷಾರೀಯ. ಬಿಡಿ ತಾಮ್ರ ಅದರಲ್ಲಿ ಕಾರ್ಬೊನೇಟ್ ಆಗಿ ತಳಕ್ಕೆ ಕೂರುತ್ತಲೇ ಇರುತ್ತದೆ, ದಿನಕ್ಕೆ ಎರಡು ಸಲ ಅಳೆದು ತುಂಬಿಸುತ್ತಿರಬೇಕು. ಚೀಲೇಟೆಡ್ ತಾಮ್ರ ಅಷ್ಟು ಬೇಗ ಕೂರುವುದಿಲ್ಲ, ನೀವು ರೊಕ್ಕ ಕೊಡುವುದು ಅದಕ್ಕೇ. ಮೈಲುತುತ್ತ ನಿಂಬೆ ಗಿಡಕ್ಕೇ ಇರಲಿ. ಸುಣ್ಣ ಬೆರೆಸಿಟ್ಟ ಬೋರ್ಡೋ ದ್ರಾವಣವನ್ನಂತೂ ಟ್ಯಾಂಕಿನ ಹತ್ತಿರವೂ ತರಬೇಡಿ.

ಈಗ ಆ ಗೆರೆ. ಬಾಟಲಿಯ ಜೊತೆ ಬರುವ ಚೀಟಿಯನ್ನು ಬರೆದವರು ನಮ್ಮ ಏಪ್ರಿಲ್, ಮೇ ನೋಡಿದವರಲ್ಲ. ಹೊರಗೆ 42 ಡಿಗ್ರಿ, ಒಳಗೆ ಕೂಲರಿನ ಗಾಳಿ, ಟ್ಯಾಂಕಿನ ಮೇಲೆ ನೀರು ತಂಪಾಗಲೆಂದು ಇಟ್ಟ ಫ್ಯಾನು. ಆ ಫ್ಯಾನು ಎರಡು ಮೂರು ಡಿಗ್ರಿ ಇಳಿಸುತ್ತದೆ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಒಣಹವೆಯಲ್ಲಿ ಸಣ್ಣ ಟ್ಯಾಂಕಿನಿಂದ ದಿನಕ್ಕೆ ಮೂರು ಲೀಟರ್ ಆರಿಹೋಗುವುದು ದೊಡ್ಡ ಮಾತಲ್ಲ. ಆರುವುದು ನೀರು ಮಾತ್ರ. ಉಪ್ಪೂ ತಾಮ್ರವೂ ಒಳಗೇ ಉಳಿಯುತ್ತವೆ. ಎರಡು ದಿನ ಮರೆತು ಆರು ಲೀಟರ್ ಇಳಿಯಿತು ಅನ್ನಿ: 2.4 ಇದ್ದ ತಾಮ್ರ 2.7ಕ್ಕೆ ಏರುತ್ತದೆ, ಸಾವಿರಕ್ಕೆ 35 ಪಾಲು ಇದ್ದ ಉಪ್ಪು 39ಕ್ಕೆ. ನೀವು ಒಂದು ಹನಿಯನ್ನೂ ಹಾಕಿರುವುದಿಲ್ಲ. ಅದಕ್ಕೇ ಬೆಳಗ್ಗೆ ಸಂಜೆ ಆ ಗೆರೆಯವರೆಗೆ ಬರಿ ಆರ್‌ಒ ನೀರು ಸೇರಿಸಿ. ಉಪ್ಪುನೀರಲ್ಲ, ಔಷಧಿ ನೀರಲ್ಲ, ಬರಿ ನೀರು.

ನೀರು ಬದಲಿಸುವಾಗ ಲೆಕ್ಕ ತಿರುವುಮುರುವು. 55ರಲ್ಲಿ ಹತ್ತು ಲೀಟರ್ ತೆಗೆದು ಬರಿ ಉಪ್ಪುನೀರು ಹಾಕಿದರೆ 2.4 ಇದ್ದದ್ದು 1.96 ಆಗುತ್ತದೆ. ಎರಡರ ಕೆಳಗೆ ಹೋಯಿತು, ಎಣಿಕೆ ಮತ್ತೆ ಒಂದರಿಂದ. ಹೊಸ ಹತ್ತು ಲೀಟರಿಗೆ ಅದರ ಪಾಲಿನ 24 ಮಿಲಿಗ್ರಾಂ ತಾಮ್ರವನ್ನು ಬಕೆಟ್ಟಿನಲ್ಲೇ ಕಲಸಿ ಹಾಕಬೇಕು. ನೀರು ಬದಲಿಸುವುದು ತಪ್ಪುವುದಿಲ್ಲ, ಯಾಕೆಂದರೆ ಹೊಸ ಸ್ಪಾಂಜಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇನ್ನೂ ಕೂತಿರುವುದಿಲ್ಲ. ಅಮೋನಿಯಾ ಅಡಗಿಸುವ ದ್ರವಗಳನ್ನು ಈ ಟ್ಯಾಂಕಿಗೆ ಹಾಕಬೇಡಿ; ಕೆಲವು ದ್ರವಗಳು ತಾಮ್ರದ ಜೊತೆ ಸೇರಿ ಅದನ್ನು ಇನ್ನೂ ಕಟುವಾಗಿಸುತ್ತವೆ. ಊಟ ಕಮ್ಮಿ ಹಾಕಿ, ಉಳಿದದ್ದನ್ನು ಅರ್ಧ ಗಂಟೆಯಲ್ಲಿ ತೆಗೆದುಬಿಡಿ.

ಕರೆಂಟ್ ಹೋದಾಗ ಏರ್ ಪಂಪು ನಿಲ್ಲಬಾರದು. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಮ್ಮಿ, ರೋಗದ ಮೀನಿನ ಕಿವಿರು ಊದಿಕೊಂಡಿರುತ್ತದೆ. ಇನ್ವರ್ಟರಿಗೆ ಟಿವಿ ಹಾಕುವ ಬದಲು ಪಂಪು ಹಾಕಿ, ಮನೆಯವರು ಬೈದರೆ ನನ್ನ ಹೆಸರು ಹೇಳಿ.

ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಿ. ಆ ಕೋಶಗಳಲ್ಲಿ ಕೆಲವು 72 ದಿನದ ಮೇಲೆ ಒಡೆದದ್ದೂ ದಾಖಲಾಗಿದೆ. ಎರಡೂ ಟ್ಯಾಂಕಿಗೆ ಒಂದೇ ಬಲೆ, ಒಂದೇ ಪೈಪು ಅಂತೂ ಬೇಡವೇ ಬೇಡ.

ಪ್ರಶ್ನೆ: ನನ್ನ ಔಷಧಿ ಡಬ್ಬಿಯ ಮೇಲೆ 2 ಪಿಪಿಎಂ ಅಂತ ಬರೆದಿದೆ. ಗೆಳೆಯ 0.2 ದಾಟಿದರೆ ಮೀನು ಸಾಯುತ್ತದೆ ಅನ್ನುತ್ತಾನೆ. ಹತ್ತು ಪಟ್ಟು ವ್ಯತ್ಯಾಸ! ಯಾರ ಮಾತು ನಂಬಲಿ?
– ಬೀದರ

ಉತ್ತರ: ಇಬ್ಬರದ್ದೂ ಸರಿ, ಔಷಧಿ ಬೇರೆ ಬೇರೆ. ಮೈಲುತುತ್ತದಲ್ಲಿರುವಂಥ ಬಿಡಿ ಅಯಾನಿನ ತಾಮ್ರಕ್ಕೆ 0.15ರಿಂದ 0.20. ಅಮೈನ್ ಜೊತೆ ಕಟ್ಟಿದ್ದಕ್ಕೆ 0.5. ಚೀಲೇಟೆಡ್‌ಗೆ 2ರ ಮೇಲೆ. ಒಂದು ಮುಗಿಯಿತೆಂದು ಇನ್ನೊಂದನ್ನು ಅದೇ ನೀರಿಗೆ ಸುರಿದರೆ ಯಾವ ಸಂಖ್ಯೆಗೂ ಅರ್ಥವಿರುವುದಿಲ್ಲ. ಟೆಸ್ಟ್ ಕಿಟ್ ಕೂಡ ಔಷಧಿಗೆ ಹೊಂದಬೇಕು: 0.2ರ ಸುತ್ತ ಬಣ್ಣ ತೋರಿಸುವ ಕಿಟ್‌ನಲ್ಲಿ 2 ಮತ್ತು 2.5ರ ನಡುವಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಚೀಲೇಟೆಡ್ ಬಳಸುವವರು 0ರಿಂದ 5 ಪಿಪಿಎಂ ಓದುವ ಡಿಜಿಟಲ್ ಚೆಕರ್ ಕೊಳ್ಳಿ. ದುಬಾರಿ ಹೌದು. ಒಂದು ಬ್ಲೂ ಟ್ಯಾಂಗಿನ ಬೆಲೆಯೂ ಕಮ್ಮಿಯೇನಲ್ಲ. ನೀರು ತುಂಬಿದ ಗಾಜಿನ ಸೀಸೆಯ ಹೊರಮೈಯನ್ನು ಒರೆಸಿಯೇ ಚೆಕರ್ ಒಳಗಿಡಿ, ಬೆರಳಚ್ಚು ಕೂಡ ಓದನ್ನು ಕೆಡಿಸುತ್ತದೆ.

ಪ್ರಶ್ನೆ: ಎರಡು ದಿನದಾಗ ನನ್ನ ಮೂರು ಮೀನು ಸತ್ತವು. ಚುಕ್ಕಿ ಸರಿಯಾಗಿ ಕಾಣಲಿಲ್ಲ, ಟಾರ್ಚ್ ಹಿಡಿದರೆ ಮೈಮೇಲೆ ಸಣ್ಣ ಧೂಳಿನಂಥದ್ದು. ಪಂಪಿನ ನೀರು ಬಡಿಯುವಲ್ಲೇ ನಿಂತು ಏದುಸಿರು ಬಿಡುತ್ತಿದ್ದವು. ಒಂದು ಕ್ಲೌನ್ ಉಳಿದಿದೆ.
– ಯಾದಗಿರಿ

ಉತ್ತರ: ಇದು ಇಕ್ ಅಲ್ಲ, ವೆಲ್ವೆಟ್ ಇರುವ ಸಾಧ್ಯತೆ ಹೆಚ್ಚು. ಅಮೈಲೂಡಿನಿಯಂ ಎಂಬ ಇನ್ನೊಂದು ಏಕಕೋಶ ಜೀವಿ, ಮೊದಲು ಕಿವಿರಿಗೇ ಹತ್ತುತ್ತದೆ, ಚರ್ಮದ ಮೇಲೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಇದಕ್ಕೂ ತಾಮ್ರವೇ. ಸ್ಯಾನ್ ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ರಾಬರ್ಟ್ ಡೆಂಪ್‌ಸ್ಟರ್ 1955ರಲ್ಲೇ ಈ ರೋಗಕ್ಕೆ ತಾಮ್ರ ಬಳಸುವುದರ ಬಗ್ಗೆ ಬರೆದಿದ್ದರು. ಜೇವರ್ಗಿ ರಸ್ತೆಯವರಿಗೆ ನಾಲ್ಕೈದು ದಿನದಲ್ಲಿ ಏರಿಸಿ ಅಂದೆನಲ್ಲ, ನಿಮಗೆ ಅಷ್ಟು ವ್ಯವಧಾನವಿಲ್ಲ. ಒಂದೆರಡು ದಿನದಲ್ಲೇ ಗುರಿ ಮುಟ್ಟಿಸಿ, ಗಾಳಿ ಜೋರಾಗಿ ಬಿಡಿ.

ಉಳಿದದ್ದು ಕ್ಲೌನ್ ಆದ್ದರಿಂದ ಅದರ ಮೈಯನ್ನು ಹತ್ತಿರದಿಂದ ನೋಡಿ. ಬಿಳಿ ಲೋಳೆ ಪದರ ಪದರವಾಗಿ ಕಿತ್ತು ಬರುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಮತ್ತೊಂದು ಏಕಕೋಶ ಜೀವಿಯ ಕೆಲಸ, ತಾಮ್ರಕ್ಕೆ ಜಗ್ಗುವುದಿಲ್ಲ. ಅದಕ್ಕೆ ಫಾರ್ಮಲಿನ್ ಬೇಕು, ಅದನ್ನು ಗೊತ್ತಿದ್ದವರ ಕೈಯಿಂದಲೇ ಮಾಡಿಸಿ.

ಪ್ರಶ್ನೆ: ತಾಮ್ರ ಹಾಕಿದ ನಾಲ್ಕನೇ ದಿನ ಮೀನು ಉಣ್ಣೋದು ಬಿಟ್ಟದ. ಔಷಧಿ ನಿಲ್ಲಿಸಲೇನ್ರಿ?
– ಶಹಾಬಾದ

ಉತ್ತರ: ಮೊದಲು ತಾಮ್ರ, ಆಮೇಲೆ ಅಮೋನಿಯಾ ಅಳೆಯಿರಿ. ಅಮೋನಿಯಾ ಇದ್ದರೆ ತಪ್ಪು ತಾಮ್ರದ್ದಲ್ಲ, ನೀರು ಬದಲಿಸಿ. ತಾಮ್ರ ಗುರಿ ಮೀರಿದ್ದರೆ ಇಳಿಸಿ. ಎರಡೂ ಸರಿಯಿದ್ದರೆ ಏರಿಸುವುದನ್ನು ಎರಡು ದಿನ ಅಲ್ಲಿಗೇ ತಡೆದು, ಜೀವಂತ ಆರ್ಟೀಮಿಯಾ (ಮೀನಿನ ಆಹಾರದ ಸಣ್ಣ ಉಪ್ಪುನೀರಿನ ಸೀಗಡಿ) ಕೊಟ್ಟು ನೋಡಿ. ಟ್ಯಾಂಗ್ ಆದರೆ ನೋರಿ (ಒಣಗಿಸಿದ ಸಮುದ್ರಪಾಚಿ) ಹಾಳೆ ಕ್ಲಿಪ್ಪಿಗೆ ಸಿಕ್ಕಿಸಿ. ಹಸಿವು ಸ್ವಲ್ಪ ಕಮ್ಮಿಯಾಗುವುದು ತಾಮ್ರದ ಗುಣ. ಪೂರ್ತಿ ಬಿಟ್ಟು, ಪಕ್ಕಕ್ಕೆ ವಾಲಿ ಮಲಗಿದರೆ ಕಾರ್ಬನ್ ಹಾಕಿ ತಾಮ್ರ ತೆಗೆದುಬಿಡಿ. ಕುಬ್ಜ ಏಂಜೆಲ್, ಮ್ಯಾಂಡರಿನ್, ಪಫರ್, ಲಯನ್‌ಫಿಶ್ ಇವು ತಾಮ್ರಕ್ಕೆ ಬೇಗ ಸೊರಗುತ್ತವೆ; ಯಾವ ಮೀನು ಅಂತ ನೀವು ಬರೆದೇ ಇಲ್ಲ.

ಪ್ರಶ್ನೆ: ನಮ್ಮ ಹೊಸ ವಾಟರ್ ಫಿಲ್ಟರಿನಲ್ಲಿ ‘ಕಾಪರ್’ ಅಂತ ಒಂದು ಕಾರ್ಟ್ರಿಜ್ ಅದ. ಆಯಿ ಅಂತೂ ತಾಮ್ರದ ಹಂಡೆಯಾಗ ತುಂಬಿಟ್ಟ ನೀರೇ ಒಳ್ಳೇದು ಅಂತಾಳ. ಈ ನೀರಿಗೆ ಉಪ್ಪು ಕಲಸಿ ಟ್ಯಾಂಕಿಗೆ ಹಾಕಬಹುದಾ? ಸೀಗಡಿ ಅವ.
– ಹುಮನಾಬಾದ

ಉತ್ತರ: ಸೀಗಡಿ ಇರುವ ಟ್ಯಾಂಕಿಗೆ ಎರಡೂ ಬೇಡ. ನಾವು ಕುಡಿಯುವುದಕ್ಕೆ ತೊಂದರೆಯಿಲ್ಲದ ತಾಮ್ರ ಸೀಗಡಿಗೆ ತಡೆಯುವುದಿಲ್ಲ. ರೋಗದ ಟ್ಯಾಂಕಿಗೂ ಬೇಡ, ಎಷ್ಟು ತಾಮ್ರ ಬಂತೆಂದು ಲೆಕ್ಕ ಸಿಗುವುದಿಲ್ಲ. ಫಿಲ್ಟರ್ ರಿಪೇರಿಯವರನ್ನು ಕರೆದು, ಆರ್‌ಒ ಮೆಂಬ್ರೇನಿನಿಂದ ನೀರು ಹೊರಬಿದ್ದ ಕೂಡಲೇ, ಕಾಪರ್ ಕಾರ್ಟ್ರಿಜ್ಜಿಗೆ ಮುಂಚೆ, ಒಂದು ಟೀ ಜಾಯಿಂಟ್ ಮತ್ತು ಸಣ್ಣ ನಲ್ಲಿ ಹಾಕಿಸಿ. ಟಿಡಿಎಸ್ ಹೆಚ್ಚಿಸುವ ಸ್ಕ್ರೂ ಇದ್ದರೆ ಆ ಕವಲು ಕೂಡ ನಿಮ್ಮ ನಲ್ಲಿಯ ನಂತರವೇ ಸೇರಬೇಕು. ಅಲ್ಲಿಂದ ಹಿಡಿದ ನೀರನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿ, ಲೀಟರಿಗೆ ಸುಮಾರು 36 ಗ್ರಾಂ ಅಕ್ವೇರಿಯಂ ಉಪ್ಪು ಕಲಸಿ, ಒಂದು ರಾತ್ರಿ ಪಂಪು ತಿರುಗಿಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಬಂದ ಮೇಲೆ ಬಳಸಿ. ಹಂಡೆಯ ನೀರು ಆಯಿಗೇ ಇರಲಿ.