ಮೊದಲು ಚಿತ್ರದ ಕೆಳಗಿನ ಸಾಲು ನೋಡಿ

ಪ್ರಿಯ ಓದುಗರೇ,

ನಿಮ್ಮ ಕಾಗದ ಖಾರವಾಗಿದೆ, ಓದಿ ಖುಷಿಯಾಯಿತು. ಗ್ರಾಫಿಟಿ (ಗೋಡೆ, ರೈಲುಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಬರೆಯುವುದು), ಸ್ಕೇಟ್‌ಬೋರ್ಡ್, ಹಿಪ್‌ಹಾಪ್ ಹುಡುಗರ ಮೇಲೆ ಬರುವ ದಪ್ಪ ದಪ್ಪ ಫೋಟೊ ಪುಸ್ತಕಗಳನ್ನು ಕಳೆದ ಸಂಚಿಕೆಯಲ್ಲಿ ನಾವು ಹೊಗಳಿದ್ದು ನಿಮಗೆ ಹಿಡಿಸಿಲ್ಲ. "ಕಂಡವರ ಗೋಡೆ ಕೆಡಿಸಿದ್ದನ್ನು ನುಣುಪು ಕಾಗದದಲ್ಲಿ ಅಚ್ಚು ಹಾಕಿದರೆ ಕಲೆ ಆಗಿಬಿಡುತ್ತಾ? ಕಾಸು, ಹೆಸರು ಎಲ್ಲ ಫೋಟೊ ತೆಗೆದವರಿಗೆ. ಗೀಚಿದ ಹುಡುಗನಿಗೆ ಏನು?" ಎಂದು ಕೇಳಿದ್ದೀರಿ. ಮಗಳು ಇಂಥದ್ದೇ ಪುಸ್ತಕ ಬೇಕೆಂದು ಹಟ ಹಿಡಿದಿದ್ದಾಳೆ, ಕೊಡಿಸಲೋ ಬೇಡವೋ ಎಂದೂ ಬರೆದಿದ್ದೀರಿ.

ಗೀಚಿದ ಹುಡುಗನಿಗೆ ಏನು ಎಂಬ ಪ್ರಶ್ನೆ ನ್ಯಾಯವಾದದ್ದು. ಇಂಥ ಪುಸ್ತಕಗಳಲ್ಲಿ ಎಷ್ಟೋ ಸುಮ್ನೆ ಟೀಪಾಯಿ ಮೇಲಿನ ಅಲಂಕಾರಕ್ಕೆ ಮಾಡಿದವು. ಹಾಗಾಗಿ ನಾನು ಮೊದಲು ನೋಡುವುದು ಚಿತ್ರದ ಕೆಳಗಿನ ಪುಟ್ಟ ಸಾಲನ್ನು. ಬರೆದವರು ಯಾರು? ಎಲ್ಲಿ? ಯಾವ ವರ್ಷ? ‘ಬೀದಿ ಕಲೆ, ನ್ಯೂಯಾರ್ಕ್’ ಅಂತಷ್ಟೇ ಇದ್ದರೆ ಪುಸ್ತಕ ಮತ್ತೆ ಕಪಾಟಿಗೆ. ಹೆಸರು ಹಾಕಿದರೆ ಪೊಲೀಸರಿಗೆ ಹಿಡಿದುಕೊಟ್ಟಂತೆ ಅಲ್ವಾ ಅನ್ನಬೇಡಿ. ಆ ಹುಡುಗರು ಗೋಡೆಗೆ ಬರೆಯುತ್ತಿದ್ದದ್ದೇ ಅಡ್ಡಹೆಸರು. ಅದನ್ನೇ ಪುಟದಲ್ಲೂ ಹಾಕಿದರೆ ಆಯಿತು.

ಈ ಕೆಲಸ ಸರಿಯಾಗಿ ಮಾಡಿದ ಪುಸ್ತಕ ‘ಸಬ್‌ವೇ ಆರ್ಟ್’. 1984ರಲ್ಲಿ ಲಂಡನ್ನಿನ ಥೇಮ್ಸ್ ಅಂಡ್ ಹಡ್ಸನ್ ಪ್ರಕಟಿಸಿದ್ದು. ಅದನ್ನು ಮಾಡಿದವರು ಇಬ್ಬರು: ಮಾರ್ಥಾ ಕೂಪರ್ ಪತ್ರಿಕೆಯ ಫೋಟೊಗ್ರಾಫರ್, ಹೆನ್ರಿ ಚಾಲ್‌ಫಂಟ್ ಶಿಲ್ಪಿ. ಇಬ್ಬರೂ ಬಿದ್ದದ್ದು ಹುಡುಗರು ಸ್ಪ್ರೇಯಿಂದ ಚಿತ್ರ ಬರೆದ ನ್ಯೂಯಾರ್ಕಿನ ಸಬ್‌ವೇ (ನಗರದ ಒಳಗೆ ಓಡುವ) ರೈಲುಗಳ ಹಿಂದೆಯೇ, ಆದರೆ ಇಬ್ಬರ ಕಣ್ಣೂ ಬೇರೆ. ಚಾಲ್‌ಫಂಟ್ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದರು. ರೈಲು ನಿಂತ ಅಷ್ಟೇ ಹೊತ್ತಿನಲ್ಲಿ ಬೋಗಿಯುದ್ದಕ್ಕೂ ಸರಿಯುತ್ತಾ ಚಕಚಕನೆ ಫೋಟೊ ತೆಗೆಯುತ್ತಿದ್ದರು. ಆಮೇಲೆ ಪ್ರಿಂಟುಗಳನ್ನು ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಅಂಟಿಸುವುದು. ಅದಕ್ಕೇ ಇಡೀ ಬೋಗಿ ಎಲ್ಲೂ ಸೊಟ್ಟಗಾಗದೆ ಕಾಣುತ್ತದೆ.

ಕೂಪರ್‌ಗೆ ಬೋಗಿಯೊಂದೇ ಸಾಲದು. ಮೇಲ್ಸೇತುವೆಯ ಹಳಿ ಮೇಲೆ ರೈಲು, ಸುತ್ತ ಬ್ರಾಂಕ್ಸಿನ ಪಾಳು ಬಿದ್ದ ಕಟ್ಟಡಗಳು, ಎರಡೂ ಒಟ್ಟಿಗೆ ಸಿಗಬೇಕು. ಬಿಸಿಲೂ ಕೂಡಿ ಬರಬೇಕು. ಅದಕ್ಕಾಗಿ ಗಂಟೆಗಟ್ಟಲೆ ನಿಲ್ಲುತ್ತಿದ್ದರು. 1980ರಲ್ಲಿ ಡೊಂಡಿ ಎಂಬ ಹುಡುಗನ ಜೊತೆ ರಾತ್ರಿ ರೈಲು ಯಾರ್ಡಿಗೇ ಹೋದರು. ಅಲ್ಲಿನ ಒಂದು ಫೋಟೊ ನನಗೆ ತುಂಬಾ ಇಷ್ಟ. ಅಕ್ಕಪಕ್ಕ ನಿಂತ ಎರಡು ರೈಲು. ಆ ಸಂದಿಯಲ್ಲಿ ಡೊಂಡಿ, ಅತ್ತ ಒಂದು ಕಾಲು, ಇತ್ತ ಒಂದು ಕಾಲು, ಕೈಯಲ್ಲಿ ಸ್ಪ್ರೇ ಡಬ್ಬಿ. ತಪ್ಪು ಅನ್ನಿ, ನಾನು ವಾದಿಸುವುದಿಲ್ಲ. ಸುಮ್ನೆ ಗೀಚಿದ್ದು ಅಂತ ಮಾತ್ರ ಅನ್ನಲಾಗದು.

ಹುಡುಗರ ಮಾತುಗಳೂ ಆ ಪುಸ್ತಕದಲ್ಲಿವೆ. ಸಹಿಗೆ ‘ಟ್ಯಾಗ್’, ದೊಡ್ಡ ಚಿತ್ರಕ್ಕೆ ‘ಪೀಸ್’, ಕೈ ಪಳಗದವನಿಗೆ ‘ಟಾಯ್’. ಯುರೋಪಿನ ಎಷ್ಟೋ ಹುಡುಗರು ಅಕ್ಷರ ತಿದ್ದಿದ್ದು ಇದನ್ನು ಮುಂದಿಟ್ಟುಕೊಂಡೇ. (ಕಾಸಿಲ್ಲದವರು ಅಂಗಡಿಯಿಂದ ಎಗರಿಸುತ್ತಿದ್ದರಂತೆ!) ರೈಲುಗಳ ಕಥೆ ಮುಗಿದು ಬಹಳ ಕಾಲವಾಯಿತು. 1989ರ ಮೇ 12ರಂದು ಬಣ್ಣ ಬಳಿದ ಕೊನೆಯ ರೈಲನ್ನೂ ಓಡಾಟದಿಂದ ತೆಗೆದರು. ಈಗ ಉಳಿದಿರುವುದು ಫೋಟೊಗಳೇ.

ಫೋಟೊಗ್ರಾಫರ್ ಜಮೆಲ್ ಶಬಾಜ್ ಅವರ ‘ಬ್ಯಾಕ್ ಇನ್ ದ ಡೇಸ್’ (2001) ಕೂಡ ಒಮ್ಮೆ ತಿರುವಿ ಹಾಕಿ. 1980ರ ದಶಕದ ಬ್ರೂಕ್ಲಿನ್ ಹುಡುಗ ಹುಡುಗಿಯರು ಅದರಲ್ಲಿ ತಮಗೆ ಬೇಕಾದ ಹಾಗೆ ನಿಂತು, ನೇರ ಕ್ಯಾಮೆರಾ ನೋಡಿದ್ದಾರೆ. ಯಾವುದನ್ನೂ ಕದ್ದು ತೆಗೆದಂತಿಲ್ಲ.

ಇನ್ನು ಕಾಸಿನ ಮಾತು. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫೈವ್ ಪಾಯಿಂಟ್ಸ್ ಕಟ್ಟಡದ ಮೇಲೆ ಮಾಲೀಕರ ಒಪ್ಪಿಗೆಯಿಂದಲೇ ಬರೆದ ಚಿತ್ರಗಳಿದ್ದವು. 2013ರಲ್ಲಿ ಅದೇ ಮಾಲೀಕರು ರಾತ್ರೋರಾತ್ರಿ ಅವಕ್ಕೆ ಬಿಳಿ ಬಣ್ಣ ಬಳಿಸಿದರು. 21 ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 67.5 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಾಯಿತು. ಅದು ಗೋಡೆ ಅಳಿಸಿದ ಕೇಸು, ಪುಸ್ತಕದ್ದಲ್ಲ, ನಿಜ. ಆದರೂ ಸ್ಪ್ರೇ ಡಬ್ಬಿ ಹಿಡಿದವರಿಗೂ ಹಕ್ಕಿದೆ ಅಂತ ಕೋರ್ಟೇ ಒಪ್ಪಿದ ಮೇಲೆ, ಹೆಸರು ಹಾಕುವುದಕ್ಕೂ ಜುಗ್ಗತನ ತೋರುವ ಪ್ರಕಾಶಕರಿಗೆ ಏನನ್ನಬೇಕು?

ಮಗಳಿಗೆ ‘ಸಬ್‌ವೇ ಆರ್ಟ್’ ಧಾರಾಳವಾಗಿ ಕೊಡಿಸಿ. 2009ರ ದೊಡ್ಡ ಗಾತ್ರದ ಆವೃತ್ತಿ ಸಿಕ್ಕರೆ ಬೋಗಿಗಳು ಚೆನ್ನಾಗಿ ಕಾಣುತ್ತವೆ. ಬೇರೆ ಯಾವುದನ್ನೇ ಕೊಂಡರೂ ನಡುವೆ ಬಿಚ್ಚಿ ನೋಡಿ. ಉದ್ದನೆಯ ಚಿತ್ರ ಎರಡು ಪುಟಕ್ಕೆ ಹರಡಿರುತ್ತದೆ. ಬೆನ್ನಿಗೆ ಬರೀ ಗೋಂದು ಹಾಕಿದ್ದರೆ ನಡುವಿನ ಒಂದೆರಡು ಅಕ್ಷರ ಮಡಿಕೆಯೊಳಗೆ ಮಾಯ. ದಾರದಿಂದ ಹೊಲಿದದ್ದಾದರೆ ಪುಟ ಜಾಸ್ತಿ ತೆರೆದುಕೊಳ್ಳುತ್ತದೆ.

ನೋಡಿ ನೋಡಿ ಅವಳೂ ಬರೆಯಲು ಹೊರಟರೆ? ನ್ಯೂಯಾರ್ಕಿನ ಹುಡುಗರೂ ಮೊದಲು ‘ಬ್ಲ್ಯಾಕ್ ಬುಕ್’ ಎನ್ನುವ ಸ್ಕೆಚ್ ಪುಸ್ತಕದಲ್ಲಿ ಬರೆದುಕೊಂಡೇ ಯಾರ್ಡಿಗೆ ಹೋಗುತ್ತಿದ್ದದ್ದು. ಜೊತೆಗೆ ಅದೂ ಒಂದು ಇರಲಿ. ಗೋಡೆಯ ವಿಷಯ ನೀವಿಬ್ಬರೇ ಮಾತಾಡಿಕೊಳ್ಳಿ.

– ಸಂಪಾದಕ