ಆ 46 ಭಾಗಾಕಾರ ಬೇಕಿರಲಿಲ್ಲ, ಮೇಷ್ಟ್ರೇ

(ಪತ್ರದ ಸಾರ: 2147483647 ಅವಿಭಾಜ್ಯ ಸಂಖ್ಯೆ, ಗಣಿತಜ್ಞ ಆಯ್ಲರ್ 1772ರಲ್ಲೇ ಅದನ್ನು ಸಾಧಿಸಿದ್ದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. 2ರಿಂದ 199ರವರೆಗಿನ 46 ಅವಿಭಾಜ್ಯಗಳಿಂದ ನಾನೂ ಭಾಗಿಸಿ ನೋಡಿದೆ, ಒಂದರಿಂದಲೂ ಹೋಗಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಮುಗಿಸಿದ್ದು ಹೇಗೆ? ಇದರಿಂದ ಉಪಯೋಗವೇನು? – ಒಬ್ಬ ನಿವೃತ್ತ ಗಣಿತ ಶಿಕ್ಷಕ, ಸಾಗರ)

ಮೇಷ್ಟ್ರೇ, ನಿಮ್ಮ ಲೆಕ್ಕದ ಹಾಳೆಗಳನ್ನು ನೋಡಿ ಖುಷಿಯಾಯಿತು, ಜೊತೆಗೆ ಅಯ್ಯೋ ಅನ್ನಿಸಿತು. ಆ 46ರಲ್ಲಿ ಒಂದು ಭಾಗಾಕಾರವೂ ಬೇಕಿರಲಿಲ್ಲ.

ನಮ್ಮ ಸಂಖ್ಯೆ 2ರ 31ನೇ ಘಾತದಲ್ಲಿ 1 ಕಳೆದದ್ದು. ಇದೇ ಜಾತಿಯ ಇನ್ನೊಂದು ಚಿಕ್ಕ ಸಂಖ್ಯೆ ತೆಗೆದುಕೊಳ್ಳೋಣ: 2ರ 11ನೇ ಘಾತದಲ್ಲಿ 1 ಕಳೆದರೆ 2047. ಅದು 23 × 89. ಈಗ ಭಾಜಕಗಳನ್ನೇ ನೋಡಿ. 23 ಎಂದರೆ 22ಕ್ಕೆ 1 ಕೂಡಿದ್ದು, 89 ಎಂದರೆ 22ರ ನಾಲ್ಕು ಪಟ್ಟಿಗೆ 1 ಕೂಡಿದ್ದು. 22 ಎಲ್ಲಿಂದ ಬಂತು? ಘಾತ 11ರ ಇಮ್ಮಡಿ. ಇದು ಕಾಕತಾಳೀಯವಲ್ಲ, ಗಣಿತಜ್ಞ ಫರ್ಮಾನ ಕಿರು ಪ್ರಮೇಯದಿಂದ ನೇರವಾಗಿ ಬರುವ ಮಾತು. ಇನ್ನೊಂದು ಕಟ್ಟೂ ಇದೆ: ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. 89ಕ್ಕೆ 1, 23ಕ್ಕೆ 7.

ಈಗ 31ಕ್ಕೆ ಬನ್ನಿ. ಭಾಜಕ ಅಂತ ಒಂದಿದ್ದರೆ ಅದು 62ರ ಯಾವುದೋ ಮಡಿಗೆ 1 ಕೂಡಿದ್ದಾಗಿರಬೇಕು. 8ರ ಕಟ್ಟನ್ನೂ ಸೇರಿಸಿದರೆ ಉಳಿಯುವುದು ಎರಡೇ ಸಾಲು: 248ರ ಮಡಿಗೆ 1 ಕೂಡಿದವು, 63 ಕೂಡಿದವು. 63, 249 ಅವಿಭಾಜ್ಯಗಳಲ್ಲ, ಬಿಡಿ. ಮೊದಲು ಕೈಗೆ ಸಿಗುವುದು 311. ಭಾಗಿಸಿ ನೋಡಿದೆವು, ಶೇಷ 35. ಅದಾದ ಮೇಲೆ 497, 559, 745... ಎಲ್ಲವೂ ಒಡೆಯುತ್ತವೆ. ಮುಂದಿನ ಅಭ್ಯರ್ಥಿ 1303! ನೀವು 199ಕ್ಕೆ ನಿಲ್ಲಿಸಿದಿರಿ, ಕೆಲಸ ಶುರುವಾಗುವುದೇ 311ರಿಂದ.

ಭಾಜಕವನ್ನು ಸಂಖ್ಯೆಯ ವರ್ಗಮೂಲದವರೆಗೆ ಹುಡುಕಿದರೆ ಸಾಕು, ನಮ್ಮ ಸಂಖ್ಯೆಗೆ ಅದು 46,340 ಚಿಲ್ಲರೆ. ಅಲ್ಲಿಯವರೆಗೆ 4,700ಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಈ ಜರಡಿ ಹಿಡಿದರೆ ಎಂಬತ್ತರ ಆಸುಪಾಸು ಮಾತ್ರ ಉಳಿಯುತ್ತವೆ. ಆಯ್ಲರ್ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಲ್ಲಿ ತಿಳಿಸಿದ್ದು ಇದೇ ದಾರಿ. ಆ ಹೊತ್ತಿಗೆ ಅವರಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು ಎಂಬುದನ್ನು ನೆನೆದಾಗ ನಮ್ಮ ಕ್ಯಾಲ್ಕುಲೇಟರ್ ಬಗ್ಗೆ ನಾಚಿಕೆಯಾಗುತ್ತದೆ.

ಉಪಯೋಗದ ವಿಷಯ. ಋಣ ಸಂಖ್ಯೆಗಳಿಗೂ ಜಾಗ ಇಟ್ಟುಕೊಂಡ 32 ಬಿಟ್‌ನ ಕಂಪ್ಯೂಟರ್ ಎಣಿಕೆ ಇದೇ ಸಂಖ್ಯೆಯಲ್ಲಿ ತುಂಬಿಹೋಗುತ್ತದೆ. 1970ರ ಆರಂಭದಿಂದ ಸೆಕೆಂಡುಗಳನ್ನು ಹೀಗೆ ಎಣಿಸುವ ಹಳೆಯ ವ್ಯವಸ್ಥೆಗಳ ಗಡಿಯಾರ 2038ರ ಜನವರಿ 19ರಂದು ನಮ್ಮ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅಲ್ಲಿಗೆ ಮುಟ್ಟುತ್ತದೆ. ಆದರೆ ಅದಕ್ಕೂ ಅವಿಭಾಜ್ಯತೆಗೂ ಸಂಬಂಧವಿಲ್ಲ, ಹಲವರು ಎರಡನ್ನೂ ಕಲಸುತ್ತಾರೆ. ಅವಿಭಾಜ್ಯತೆ ನಿಜವಾಗಿ ದುಡಿಯುವುದು ಯಾದೃಚ್ಛಿಕ (ಅಡ್ಡಾದಿಡ್ಡಿಯಾಗಿ ಬರುವಂತೆ ಕಾಣುವ) ಸಂಖ್ಯೆಗಳನ್ನು ಹುಟ್ಟಿಸುವಲ್ಲಿ. 1ರಿಂದ ಹೊರಟು ಪ್ರತಿ ಸಲ 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನಷ್ಟೇ ಇಟ್ಟುಕೊಳ್ಳುತ್ತ ಹೋಗಿ. 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಸರಿಯಾಗಿ ಒಂದೊಂದು ಸಲ ಬಂದ ಮೇಲೆಯೇ ಮತ್ತೆ 1 ಬರುತ್ತದೆ.

– ಸಂಪಾದಕ