ಹೊಸದಾಗಿ ನೆಟ್ಟ ಹೂಗಿಡಗಳು ಬಾಡುತ್ತಿದ್ದರೆ ಮೊದಲು ಬೇರಿನ ಉಂಡೆಯನ್ನು ಮುಟ್ಟಿ ನೋಡಿ

ಕಲಬುರಗಿಯ ಹೊಸ ಮನೆಯ ಮುಂದೆ ನರ್ಸರಿಯಿಂದ ತಂದ ದಾಸವಾಳ, ನಂದಿಬಟ್ಟಲು ಮತ್ತು ಇಕ್ಸೋರಾ ಗಿಡಗಳನ್ನು ನೆಟ್ಟಿದ್ದೀರಿ. ಎರಡು ಹೊತ್ತು ನೀರು ಹಾಕಿದರೂ ಎಲೆಗಳು ಜೋತು ಬೀಳುತ್ತಿವೆ. ನೀರು ಇನ್ನೂ ಹೆಚ್ಚಿಸಬೇಕೇ, ಇಲ್ಲವೇ ಡಿಎಪಿ ರಾಸಾಯನಿಕ ಗೊಬ್ಬರ ಹಾಕಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಾನೂ ಇದೇ ಊರಿನ ಎರೆಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಹೂಗಿಡ ಬೆಳೆಸುವವನು. ನೀರು ಸಿಗದ ಗಿಡವೂ, ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ನೋಡಲು ಒಂದೇ ರೀತಿ ಬಾಡುತ್ತವೆ, ಏಕೆಂದರೆ ಕೊಳೆತ ಬೇರಿಗೆ ಎದುರಿಗಿರುವ ನೀರನ್ನೂ ಹೀರಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಎಲೆಯನ್ನು ಮಾತ್ರ ನೋಡಿ ನೀರು ಹಾಕುವುದನ್ನು ನಿರ್ಧರಿಸಬಾರದು.

ಮೊದಲು ಗಿಡ ಯಾವ ಹೊತ್ತಿನಲ್ಲಿ ಬಾಡುತ್ತದೆ ಎಂಬುದನ್ನು ಗಮನಿಸಿ. ಬಿಸಿಲು 42 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಚೆನ್ನಾಗಿ ಬೇರೂರಿದ ದಾಸವಾಳವೂ ಮಧ್ಯಾಹ್ನ ಎಲೆ ಇಳಿಬಿಡುತ್ತದೆ, ಸಂಜೆಗೆ ತಾನೇ ಚೇತರಿಸಿಕೊಳ್ಳುತ್ತದೆ. ಅದಕ್ಕೆ ಗಾಬರಿಯಾಗುವ ಅಗತ್ಯವಿಲ್ಲ. ಸೂರ್ಯ ಹುಟ್ಟುವ ಮೊದಲೇ ಎಲೆ ಜೋತಿದ್ದರೆ ಮಾತ್ರ ತೊಂದರೆ ಬೇರಿನಲ್ಲಿದೆ ಎಂದು ತಿಳಿಯಬಹುದು.

ಅಂತಹ ಗಿಡದ ಬುಡದ ಪಕ್ಕದಲ್ಲಿ ಖುರ್ಪಿಯಿಂದ ನಿಧಾನವಾಗಿ ಮಣ್ಣು ಸರಿಸಿ, ನರ್ಸರಿಯಿಂದ ಬೇರಿನ ಜೊತೆಗೇ ಬಂದ ಮಣ್ಣಿನ ಉಂಡೆಯವರೆಗೆ ಬೆರಳು ಹಾಕಿ ನೋಡಿ. ನಮ್ಮ ಕಡೆ ಮಾರಾಟಕ್ಕೆ ಬರುವ ಗಿಡಗಳಲ್ಲಿ ಬಹಳಷ್ಟು ಕೆಂಪು ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆದವು, ಆದರೆ ನಾವು ನೆಡುವುದು ಕಪ್ಪು ಮಣ್ಣಿನಲ್ಲಿ. ಈ ಎರಡು ಮಣ್ಣುಗಳ ನಡುವೆ ನೀರು ಸುಲಭವಾಗಿ ಓಡಾಡುವುದಿಲ್ಲ. ನೆರೆಮನೆಯವರು ಬಾಡಿದ ನಂದಿಬಟ್ಟಲನ್ನು ಕೀಳಿಸಿದಾಗ ನಾನು ಹತ್ತಿರದಿಂದ ನೋಡಿದ್ದೇನೆ: ಸುತ್ತಲಿನ ಎರೆಮಣ್ಣು ಕೈಗೆ ಮೆತ್ತಿಕೊಳ್ಳುವಷ್ಟು ಹಸಿಯಾಗಿತ್ತು, ಆದರೆ ಒಳಗಿನ ಕೆಂಪು ಉಂಡೆಯನ್ನು ಒಡೆದರೆ ಪುಡಿಯಾಗಿ ಉದುರುತ್ತಿತ್ತು, ಬೇರುಗಳು ಚೀಲದ ಆಕಾರದಲ್ಲಿಯೇ ಸುತ್ತಿಕೊಂಡು ಒಂದೂ ಹೊರಗೆ ಬಂದಿರಲಿಲ್ಲ. ಪಾತಿಯ ತುಂಬ ನೀರಿದ್ದರೂ ಗಿಡ ಒಣಗುತ್ತಿತ್ತು. ಇದಕ್ಕಿಂತ ಕೆಟ್ಟ ಪ್ರಕರಣವೆಂದರೆ ಚೀಲವನ್ನೇ ಬಿಚ್ಚದೆ ನೆಡುವುದು. ಕೂಲಿಗೆ ನೆಡಿಸಿದಾಗ ಇದು ಆಗಾಗ ನಡೆಯುತ್ತದೆ, ನೀವೂ ಒಮ್ಮೆ ಪರೀಕ್ಷಿಸಿ.

ಉಂಡೆ ಒಣಗಿದ್ದರೆ ಸೈಕಲ್ ಕಡ್ಡಿಯಂತಹ ಸಣ್ಣ ಸರಳಿನಿಂದ ಅದರಲ್ಲಿ ನಾಲ್ಕಾರು ಕಡೆ ಚುಚ್ಚಿ, ಕಾಂಡದ ಹತ್ತಿರವೇ ತಂಬಿಗೆಯಿಂದ ಸ್ವಲ್ಪ ಸ್ವಲ್ಪವಾಗಿ ನೀರು ಬಿಟ್ಟು, ಅದು ಇಂಗಿದ ಮೇಲೆ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಹಾಕಬೇಕು. ಪೈಪು ಹಿಡಿದು ಪಾತಿ ತುಂಬಿಸಿದರೆ ನೀರೆಲ್ಲ ಎರೆಮಣ್ಣಿನ ಬಿರುಕಿಗೆ ಇಳಿದು ಹೋಗುತ್ತದೆ. ಈ ಮಣ್ಣು ಒಣಗಿದಾಗ ಕುಗ್ಗಿ ಬಿರಿಯುವುದರಿಂದ ಹೊಸ ಬೇರುಗಳು ಹರಿದೂ ಹೋಗುತ್ತವೆ. ಬಿರುಕುಗಳಿಗೆ ಸಡಿಲ ಮಣ್ಣು ಮತ್ತು ಕಳಿತ ತಿಪ್ಪೆಗೊಬ್ಬರ ತುಂಬಿ ಮುಚ್ಚುವುದು ಒಳ್ಳೆಯದು. ಆಮೇಲೆ ದಿನವೂ ನೀರು ಹಾಕಬೇಕೇ ಬೇಡವೇ ಎಂಬುದನ್ನು ಬೆರಳೇ ಹೇಳಬೇಕು, ಗಡಿಯಾರವಲ್ಲ.

ಉಂಡೆ ಹಸಿಯಾಗಿದ್ದು ಮಣ್ಣು ಹುಳಿ ವಾಸನೆ ಹೊಡೆಯುತ್ತಿದ್ದರೆ, ಬೇರಿನ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಎಳೆದರೆ ಕಳಚಿ ಬರುತ್ತಿದ್ದರೆ ನೀರನ್ನು ಕೂಡಲೇ ನಿಲ್ಲಿಸಿ. ಗಟ್ಟಿ ಎರೆಯಲ್ಲಿ ತೋಡಿದ ಗುಂಡಿ ಸುತ್ತಲೂ ನೀರು ಬಿಟ್ಟುಕೊಡದ ಬೋಗುಣಿಯಂತೆ ಇರುತ್ತದೆ. ಗುಂಡಿಗೆ ಬರಿ ಉಸುಕು ಹಾಕಿದರೆ ಸರಿಹೋಗುತ್ತದೆ ಎಂದು ಹಲವರು ಹೇಳುವುದುಂಟು. ನೀರು ಹೊರಗೆ ಹೋಗುವ ದಾರಿ ಮಾಡದೆ ಉಸುಕು ಹಾಕಿದರೆ ನೀರು ಆ ಉಸುಕಿನಲ್ಲೇ ನಿಲ್ಲುತ್ತದೆ. ಅದರ ಬದಲು ಗಿಡವನ್ನು ಉಂಡೆಸಮೇತ ಸಂಜೆ ಹೊತ್ತಿನಲ್ಲಿ ಎತ್ತಿ, ಕೊಳೆತ ಬೇರು ಕತ್ತರಿಸಿ, ನೆಲಕ್ಕಿಂತ ನಾಲ್ಕೈದು ಇಂಚು ಎತ್ತರದ ದಿಬ್ಬದ ಮೇಲೆ ನೆಡುವುದೇ ಉತ್ತಮ. ಕಾಂಡದ ಬುಡ ಮಣ್ಣಿನಲ್ಲಿ ಹೂತುಹೋಗದಂತೆ ನೋಡಿಕೊಳ್ಳಿ.

ನೆರಳಿನ ಮಾತು. ನಿಮ್ಮ ಅಂಗಳಕ್ಕೆ ಶಹಾಬಾದಿ ಫರಸಿ ಹಾಸಿದ್ದರೆ ಆ ಕಲ್ಲು ಹಗಲೆಲ್ಲ ಕಾದು ರಾತ್ರಿಯಾದರೂ ಬಿಸಿ ಬಿಡುತ್ತಿರುತ್ತದೆ. ಅದರ ಪಕ್ಕದ ಗಿಡಕ್ಕೆ ಎರಡು ಕಡೆಯಿಂದಲೂ ತಾಪ. ಪಶ್ಚಿಮ ಮತ್ತು ದಕ್ಷಿಣ ದಿಕ್ಕಿಗೆ ತೊಗರಿ ಕಟ್ಟಿಗೆಯ ತಟ್ಟಿಯನ್ನೋ ಶೇಕಡಾ 50ರ ನೆರಳು ಪರದೆಯನ್ನೋ ಕಟ್ಟಿ, ಗಾಳಿ ಆಡುವಷ್ಟು ಜಾಗ ಬಿಡಿ. ಬುಡಕ್ಕೆ ಎರಡು ಮೂರು ಇಂಚು ದಪ್ಪ ತೊಗರಿ ಹೊಟ್ಟು ಹರಡಿದರೆ ತೇವ ಉಳಿಯುತ್ತದೆ, ಮಣ್ಣೂ ಬಿರಿಯುವುದಿಲ್ಲ. ಗೆದ್ದಲಿನ ಕಾಟವಿರುವುದರಿಂದ ಹೊಟ್ಟು ಕಾಂಡಕ್ಕೆ ತಾಗಬಾರದು.

ಎಂತಹ ನೀರು ಹಾಕುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಬೇಸಿಗೆಯಲ್ಲಿ ಕೂಲರಿನ ತಳದಲ್ಲಿ ಉಳಿದ ನೀರನ್ನೂ, ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನೂ ಗಿಡಕ್ಕೆ ಸುರಿಯುವ ರೂಢಿ ನಮ್ಮಲ್ಲಿದೆ. ನೀರು ಉಳಿಸುವ ಉದ್ದೇಶ ಒಳ್ಳೆಯದೇ, ಆದರೆ ಎರಡರಲ್ಲಿಯೂ ಲವಣ ಸಾಂದ್ರವಾಗಿರುತ್ತದೆ, ಬೋರ್‌ವೆಲ್ ನೀರು ಮೊದಲೇ ಗಡುಸಾಗಿದ್ದರೆ ಇನ್ನೂ ಹೆಚ್ಚು. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಅದನ್ನು ಕೆರೆದು ತೆಗೆದು, ಸಿಹಿನೀರನ್ನೇ ಬಳಸಿ. ಡಿಎಪಿ ಬೇಡವೆಂದದ್ದಕ್ಕೂ ಕಾರಣ ಇದೇ: ಅದೂ ಲವಣವೇ, ದಣಿದ ಬೇರಿಗೆ ನೀರು ಎಳೆದುಕೊಳ್ಳುವುದು ಮತ್ತಷ್ಟು ಕಷ್ಟವಾಗುತ್ತದೆ. ಹೊಸ ಚಿಗುರು ಬಂದು ಎಲೆ ಬಲಿಯುವವರೆಗೆ ಯಾವ ರಾಸಾಯನಿಕ ಗೊಬ್ಬರವನ್ನೂ ಕೊಡಬೇಡಿ.

ಮೊಗ್ಗು ಮತ್ತು ಹೂಗಳನ್ನು, ಮನಸ್ಸಿಗೆ ಬೇಸರವಾದರೂ, ಚಿವುಟಿ ಹಾಕಿ. ಬೇರು ಕತ್ತರಿಸಿದ ಗಿಡವಾದರೆ ಕೊಂಬೆಗಳನ್ನೂ ಮೂರನೇ ಒಂದು ಭಾಗದಷ್ಟು ಸವರಬಹುದು; ಉಳಿದವುಗಳಿಗೆ ಕತ್ತರಿ ಬೇಡ, ಎಲೆಯಿದ್ದರೇ ಆಹಾರ. ಇಕ್ಸೋರಾ ಒಂದರ ಬಗ್ಗೆ ನನಗೆ ಹೆಚ್ಚು ಭರವಸೆಯಿಲ್ಲ. ಅದು ಹುಳಿ ಮಣ್ಣಿನ ಗಿಡ. ನಮ್ಮ ಸುಣ್ಣದ ಅಂಶವಿರುವ ಮಣ್ಣಿನಲ್ಲಿ, ಅದರಲ್ಲೂ ಮನೆ ಕಟ್ಟಿದ ಸಿಮೆಂಟು ಚೂರು ಬೆರೆತ ಜಾಗದಲ್ಲಿ, ಬದುಕಿದರೂ ನರ ಮಾತ್ರ ಹಸಿರಾಗಿ ಎಲೆ ಹಳದಿಯಾಗುತ್ತಲೇ ಇರುತ್ತದೆ. ಅದನ್ನು ಕುಂಡಕ್ಕೆ ವರ್ಗಾಯಿಸಿ, ಆ ಜಾಗಕ್ಕೆ ಮಳೆಗಾಲ ಹಿಡಿದ ಮೇಲೆ ಕಣಗಿಲೆ ಹಾಕಿ.

ಎಲೆ ಪೂರ್ತಿ ಉದುರಿದರೂ ಗಿಡವನ್ನು ಕೂಡಲೇ ಕೀಳಬೇಡಿ. ಉಗುರಿನಿಂದ ಕೊಂಬೆಯ ತೊಗಟೆಯನ್ನು ಸ್ವಲ್ಪ ಕೆರೆಯಿರಿ; ಒಳಗೆ ಹಸಿರಿದ್ದರೆ ಜೀವವಿದೆ. ತುದಿಯಲ್ಲಿ ಕಂದಾಗಿದ್ದರೆ ಹಸಿರು ಸಿಗುವವರೆಗೆ ಕೆಳಗೆ ಕೆರೆಯುತ್ತಾ ಬಂದು, ಅಲ್ಲಿಗೆ ಕತ್ತರಿಸಿ. ಬುಡದವರೆಗೂ ಕಂದೇ ಇದ್ದರೆ ಮಾತ್ರ ಕಿತ್ತು ಹಾಕಿ, ಆದರೆ ಅದೇ ಗುಂಡಿಯಲ್ಲಿ ಮತ್ತೆ ನೆಡುವ ಮೊದಲು ಅದಕ್ಕೊಂದು ಬಕೆಟ್ ನೀರು ಸುರಿದು, ಮರುದಿನ ಬೆಳಿಗ್ಗೆಯೂ ನೀರು ನಿಂತಿದೆಯೇ ಎಂದು ನೋಡಿಕೊಳ್ಳಿ.